ವೈಫೈ ಕಡಿದದ್ದು ಎಲ್ಲಿ?

ಕಚೇರಿಯಲ್ಲಿ ‘ವೈಫೈ ಹೋಯಿತು’ ಎಂಬ ಒಂದೇ ಮಾತು ಕನಿಷ್ಠ ನಾಲ್ಕು ಬಗೆಯ ದೋಷಗಳಿಗೆ ಬಳಕೆಯಾಗುತ್ತದೆ. ಕಂಪ್ಯೂಟರಿಗೂ ರೂಟರಿಗೂ ನಡುವಿನ ರೇಡಿಯೊ ಕೊಂಡಿ ಕಡಿದಿರಬಹುದು. ಕೊಂಡಿ ಇದ್ದೂ ಕಂಪ್ಯೂಟರಿಗೆ ಐಪಿ ವಿಳಾಸ ಸಿಗದೆ ಹೋಗಿರಬಹುದು. ವಿಳಾಸ ಸಿಕ್ಕಿ, ರೂಟರಿನವರೆಗೆ ದಾರಿ ಸರಿಯಿದ್ದು, ಅಲ್ಲಿಂದಾಚೆಗಿನ ಫೈಬರ್ ಲೈನ್ ನಿಂತಿರಬಹುದು. ಇವೆಲ್ಲ ನೆಟ್ಟಗಿದ್ದರೂ ಜಾಲತಾಣದ ಹೆಸರನ್ನು ಐಪಿ ವಿಳಾಸವಾಗಿ ತಿರುಗಿಸಿ ಕೊಡುವ ಡಿಎನ್‌ಎಸ್ ಸೇವೆ ಮಾತ್ರ ಉತ್ತರ ಕೊಡದಿರಬಹುದು. ಕುರ್ಚಿಯಲ್ಲಿ ಕುಳಿತವರಿಗೆ ನಾಲ್ಕೂ ಒಂದೇ ಥರ ಕಾಣುತ್ತವೆ. ಪುಟ ತೆರೆಯುವುದಿಲ್ಲ, ಮೇಲ್ ಹೋಗುವುದಿಲ್ಲ. ಆಗ ಯಾರಾದರೂ ಎದ್ದು ಹೋಗಿ ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಹಾಗೆ ಮಾಡಿದರೆ ನಾಲ್ಕರಲ್ಲಿ ಯಾವ ದೋಷವಿದ್ದರೂ ಕೆಲಹೊತ್ತಿನ ಮಟ್ಟಿಗೆ ಸರಿಹೋದಂತೆ ತೋರಬಹುದು. ಆದರೆ ಹೆಚ್ಚಿನ ರೂಟರುಗಳಲ್ಲಿ ಅದುವರೆಗಿನ ಘಟನೆಗಳ ದಾಖಲೆ ಆ ಕ್ಷಣಕ್ಕೆ ಅಳಿಸಿಹೋಗುತ್ತದೆ. ಕಡಿತ ಮರುಕಳಿಸುತ್ತಿರುವ ಕಚೇರಿಯಲ್ಲಿ ಮೊದಲು ಬಿಡಬೇಕಾದ ಅಭ್ಯಾಸ ಇದೇ.

ಒಂದು ಸಣ್ಣ ಪ್ರಕಾಶನ ಕಚೇರಿಯನ್ನು ಎತ್ತಿಕೊಳ್ಳಬಹುದು. ಅಕ್ಷರ ಜೋಡಣೆಗೆ ನುಡಿ ಅಥವಾ ಬರಹ ತಂತ್ರಾಂಶವಿರುವ ವಿಂಡೋಸ್ ಕಂಪ್ಯೂಟರುಗಳು, ಪುಟ ವಿನ್ಯಾಸಕ್ಕೆ ಒಂದು ಮ್ಯಾಕ್, ಉಬುಂಟು ಹಾಕಿಕೊಂಡ ಹಳೆಯ ಲ್ಯಾಪ್‌ಟಾಪ್, ಗೋಡೆ ಪಕ್ಕದಲ್ಲೊಂದು ವೈಫೈ ಪ್ರಿಂಟರ್, ಇವುಗಳ ಜೊತೆಗೆ ಎಲ್ಲರ ಜೇಬಿನ ಮೊಬೈಲುಗಳು. ಇಂಥ ಕಡೆ ಸಂಪರ್ಕ ಕಡಿದರೆ ಬೇರೆ ಜಾತಿಯ ಯಂತ್ರದ ಮೇಲೆ ದೂರು ಹೋಗುತ್ತದೆ. ‘ಮ್ಯಾಕ್ ಬಂದ ಮೇಲೆ ಶುರುವಾಯಿತು’ ಎಂಬ ಮಾತು ಬರುತ್ತದೆ. ನಿಜದಲ್ಲಿ ಬೇರೆ ಬೇರೆ ವ್ಯವಸ್ಥೆಗಳು ಒಂದೇ ಕೋಣೆಯಲ್ಲಿರುವುದು ಪತ್ತೆ ಮಾಡುವವರಿಗೆ ದೊಡ್ಡ ಅನುಕೂಲ. ಎಲ್ಲ ಯಂತ್ರಗಳೂ ಒಂದೇ ಮಾದರಿಯವಾದರೆ ದೋಷ ಯಂತ್ರದ್ದೋ ರೂಟರಿನದ್ದೋ ಎಂದು ಬೇರ್ಪಡಿಸುವುದು ಕಷ್ಟ. ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರೂ ಒಂದೇ ಗಳಿಗೆಯಲ್ಲಿ ಕಳಚಿಕೊಂಡರೆ ದೋಷ ರೂಟರಿನಲ್ಲೋ ಅದರಾಚೆಗೋ ಇದೆ. ಒಂದೇ ಕಳಚಿಕೊಂಡು ಉಳಿದೆರಡು ನಿಂತರೆ ಅದು ಆ ಯಂತ್ರದ್ದು, ಇಲ್ಲವೇ ಆ ಮೇಜು ಇರುವ ಜಾಗದ್ದು. ಆ ಎರಡರಲ್ಲಿ ಯಾವುದು ಎನ್ನುವುದೂ ಸುಲಭವಾಗಿ ತಿಳಿಯುತ್ತದೆ. ಸರಿಯಿರುವ ಲ್ಯಾಪ್‌ಟಾಪನ್ನು ತಂದು ಅದೇ ಮೇಜಿನ ಮೇಲೆ ಒಂದು ದಿನ ಇಟ್ಟರೆ ಸಾಕು.

ಆದ್ದರಿಂದ ಸೆಟ್ಟಿಂಗ್‌ಗೆ ಕೈಹಾಕುವ ಮೊದಲು ಒಂದು ನೋಟ್‌ಬುಕ್ ಬೇಕು. ಯಾವ ಯಂತ್ರ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಆಗ ಬೇರೆ ಯಾರಿಗೆ ಕಡಿಯಿತು, ಯಾರಿಗೆ ಕಡಿಯಲಿಲ್ಲ ಎಂಬುದನ್ನು ಬರೆದಿಡಬೇಕು. ರೂಟರಿನ ಗಡಿಯಾರ ಸರಿಯಿದೆಯೇ ಎಂದೂ ಆಗಲೇ ನೋಡಿಕೊಳ್ಳುವುದು ಒಳ್ಳೆಯದು. ಸಮಯ ತಪ್ಪಾಗಿರುವ ರೂಟರಿನ ದಾಖಲೆಯನ್ನು ಕಂಪ್ಯೂಟರಿನ ದಾಖಲೆಯ ಪಕ್ಕಕ್ಕಿಟ್ಟು ಹೊಂದಿಸಲು ಆಗುವುದಿಲ್ಲ. ಇನ್ನೊಂದು ಸಿದ್ಧತೆಯೆಂದರೆ, ಒಂದು ಕಂಪ್ಯೂಟರನ್ನು ಕೇಬಲ್ ಹಾಕಿ ನೇರವಾಗಿ ರೂಟರಿಗೆ ಜೋಡಿಸುವುದು. ಕಡಿತದ ಹೊತ್ತಿನಲ್ಲಿ ಕೇಬಲ್ ಹಾಕಿದ ಯಂತ್ರಕ್ಕೂ ಇಂಟರ್ನೆಟ್ ಇಲ್ಲವಾದರೆ ವೈಫೈ ನಿರ್ದೋಷಿ. ಇಷ್ಟು ಸರಳವಾದ ಈ ಪರೀಕ್ಷೆಯನ್ನು ಹೆಚ್ಚಿನವರು ಕೊನೆಗೆ ಮಾಡುತ್ತಾರೆ. ಮೊದಲೇ ಮಾಡಿದರೆ ಅರ್ಧ ಕೆಲಸ ಉಳಿಯುತ್ತದೆ.

ಕಡಿದ ಕೊಂಡಿ ಯಾವುದೆಂದು ಹೇಳುವ ಮುಖ್ಯ ಸಲಕರಣೆ ‘ಪಿಂಗ್’. ಮೈಕ್ ಮೂಸ್ ಎಂಬ ಅಮೆರಿಕದ ಪ್ರೋಗ್ರಾಮರ್ 1983ರ ಡಿಸೆಂಬರಿನಲ್ಲಿ ಬರೆದ ಈ ಪುಟ್ಟ ಆಜ್ಞೆ ಇವತ್ತು ಮೂರೂ ವ್ಯವಸ್ಥೆಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಬಳಕೆಯಲ್ಲಿ ಒಂದು ವ್ಯತ್ಯಾಸವಿದೆ. ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಪಿಂಗ್ ನಿಲ್ಲಿಸುವವರೆಗೂ ಓಡುತ್ತದೆ. ವಿಂಡೋಸಿನಲ್ಲಿ ನಾಲ್ಕು ಸಲ ಕೇಳಿ ನಿಂತುಬಿಡುತ್ತದೆ, ಓಡುತ್ತಲೇ ಇರಬೇಕಾದರೆ ಆಜ್ಞೆಗೆ ‘ಹೈಫನ್ ಟಿ’ ಸೇರಿಸಬೇಕು. ಮೂರು ಕಿಟಕಿಗಳಲ್ಲಿ ಮೂರು ಪಿಂಗ್ ಓಡಿಸಬೇಕು. ಒಂದು ರೂಟರಿನ ವಿಳಾಸಕ್ಕೆ, ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಎರಡನೆಯದು ಹೊರಗಿನ ಒಂದು ಐಪಿ ವಿಳಾಸಕ್ಕೆ, ಗೂಗಲ್‌ನ 8.8.8.8 ನೆನಪಿಡಲು ಸುಲಭ. ಮೂರನೆಯದು ಯಾವುದಾದರೂ ಜಾಲತಾಣದ ಹೆಸರಿಗೆ. ಪಿಂಗ್ ಶುರುವಾಗುವಾಗ ಮಾತ್ರ ಹೆಸರಿನ ವಿಳಾಸ ಕೇಳುವುದರಿಂದ, ಕಡಿತದ ಹೊತ್ತಿನಲ್ಲಿ ಇದನ್ನು ನಿಲ್ಲಿಸಿ ಮತ್ತೆ ಓಡಿಸಬೇಕು. ರೂಟರಿನ ಉತ್ತರವೇ ನಿಂತರೆ ದೋಷ ಕಚೇರಿಯೊಳಗಿದೆ. ರೂಟರ್ ಉತ್ತರಿಸುತ್ತಿದ್ದು ಹೊರಗಿನ ವಿಳಾಸ ಮೌನವಾದರೆ ದೋಷ ಫೈಬರಿನ ಕಡೆಗೆ ಇದೆ. ಎರಡೂ ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್. ಉತ್ತರದ ಪದಗಳಿಗೂ ಅರ್ಥವಿದೆ. ವಿಂಡೋಸಿನಲ್ಲಿ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ ಕೇಳಿದ್ದಕ್ಕೆ ಹೊತ್ತಿನೊಳಗೆ ಉತ್ತರ ಬರಲಿಲ್ಲವೆಂದರ್ಥ; ‘ಜನರಲ್ ಫೇಲ್ಯೂರ್’ ಎಂದು ಬಂದರೆ ಸಾಮಾನ್ಯವಾಗಿ ಪ್ರಶ್ನೆ ಕಂಪ್ಯೂಟರಿನಿಂದ ಹೊರಗೇ ಹೋಗಿಲ್ಲ.

ಪ್ರತಿಯೊಂದು ವ್ಯವಸ್ಥೆಯೂ ತನ್ನ ಸಾಕ್ಷ್ಯವನ್ನು ಬೇರೆ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಿಂದ ‘ನೆಟ್‌ಶ್’ ಆಜ್ಞೆಯ ಮೂಲಕ ‘ಡಬ್ಲ್ಯೂಲ್ಯಾನ್ ರಿಪೋರ್ಟ್’ ಪಡೆಯಬಹುದು. ಹಿಂದಿನ 3 ದಿನಗಳಲ್ಲಿ ಸಂಪರ್ಕ ಯಾವಾಗ ಕೂಡಿತು, ಯಾವಾಗ ಕಡಿಯಿತು, ಯಾವ ಕಾರಣಕ್ಕೆ ಎಂಬುದೆಲ್ಲ ಚಿತ್ರಸಹಿತ ಪುಟವಾಗಿ ಸಿಗುತ್ತದೆ. ಮ್ಯಾಕಿನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ಮೇಲಿನ ಪಟ್ಟಿಯ ವೈಫೈ ಚಿಹ್ನೆಯನ್ನು ಕ್ಲಿಕ್ ಮಾಡಿದರೆ ಸಿಗ್ನಲ್ ಬಲ, ಸುತ್ತಲಿನ ಗದ್ದಲ, ಚಾನೆಲ್, ವೇಗ ಎಲ್ಲವೂ ಅಂಕಿಗಳಾಗಿ ಕಾಣುತ್ತವೆ. ವಿಂಡೋಸ್ ತೋರಿಸುವ ನಾಲ್ಕು ಗೆರೆಗಳಿಗಿಂತ ಈ ಅಂಕಿಗಳು ಎಷ್ಟೋ ಉಪಯುಕ್ತ. ಹಾಗಾಗಿ ದೂರು ಮ್ಯಾಕಿನದ್ದಲ್ಲದಿದ್ದರೂ ಅಳೆಯಲು ಮ್ಯಾಕ್‌ಬುಕ್ಕನ್ನೇ ಮೇಜಿಂದ ಮೇಜಿಗೆ ಒಯ್ಯುವುದು ವಾಸಿ. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ದಾಖಲೆಯನ್ನು ‘ಜರ್ನಲ್‌ಸಿಟಿಎಲ್’ ಆಜ್ಞೆಯಿಂದ ಓದಬಹುದು. ಮೂರರಲ್ಲಿ ಅತ್ಯಂತ ವಿವರವಾಗಿ ಹೇಳುವುದು ಇದೇ.

ಇನ್ನು ರೇಡಿಯೊದ ಮಾತು. ವೈಫೈ ಕಡಿತಗಳಲ್ಲಿ ಅತಿ ಹೆಚ್ಚು ವೈವಿಧ್ಯ ಇರುವುದು ಇಲ್ಲಿ. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿ ಇಲ್ಲದೆ ಬಳಸಲು 2005ರಲ್ಲಿ ಅನುಮತಿ ಸಿಕ್ಕಿತು. 5 ಗಿಗಾಹರ್ಟ್ಸ್ ಪಟ್ಟಿ 2018ರಲ್ಲಿ ಇನ್ನಷ್ಟು ವಿಶಾಲವಾಗಿ ತೆರೆದುಕೊಂಡಿತು. ಪರವಾನಗಿ ಬೇಡದ ಜಾಗವಾದ್ದರಿಂದ ಅಲ್ಲಿ ಎಲ್ಲರೂ ಇದ್ದಾರೆ. 2.4ರ ಪಟ್ಟಿಯಲ್ಲಿ ಚಾನೆಲ್‌ಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಆದರೆ ವೈಫೈ ಸಂಕೇತದ ಅಗಲ ಸುಮಾರು 20 ಮೆಗಾಹರ್ಟ್ಸ್. ಆದ್ದರಿಂದ ಒಂದರ ಮೇಲೊಂದು ಬೀಳದೆ ಕೂರುವುದು 1, 6 ಮತ್ತು 11 ಎಂಬ ಮೂರು ಚಾನೆಲ್‌ಗಳು ಮಾತ್ರ. ಅಕ್ಕಪಕ್ಕದ ಎರಡು ರೂಟರುಗಳು ಒಂದೇ ಚಾನೆಲ್ಲಿನಲ್ಲಿದ್ದರೆ ಅವು ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗಿ, ಸರದಿ ಕಾದು ಮಾತಾಡುತ್ತವೆ. ವೇಗ ತಗ್ಗುತ್ತದೆ, ಅಷ್ಟೆ. ಒಂದು 6ರಲ್ಲೂ ಇನ್ನೊಂದು 8ರಲ್ಲೂ ಇದ್ದರೆ ಒಂದಕ್ಕೆ ಇನ್ನೊಂದು ಬರೀ ಗದ್ದಲ. ಖಾಲಿ ಇದೆಯೆಂದು ನಡುವಿನ ಚಾನೆಲ್ ಆರಿಸಿಕೊಳ್ಳುವುದು ಈ ಕಾರಣಕ್ಕೆ ತಪ್ಪು ಲೆಕ್ಕ. ಅಗಲವನ್ನು 40 ಮೆಗಾಹರ್ಟ್ಸ್ ಮಾಡುವುದು ಇನ್ನೂ ದೊಡ್ಡ ತಪ್ಪು. ಆ ಪಟ್ಟಿಯ ಅರ್ಧಭಾಗವನ್ನು ಒಂದೇ ರೂಟರ್ ಆಕ್ರಮಿಸಿ, ಸುತ್ತಲಿನ ಎಲ್ಲರ ಗದ್ದಲವನ್ನೂ ಮೈಮೇಲೆ ಎಳೆದುಕೊಳ್ಳುತ್ತದೆ. ಅಂಗಡಿ ಮೇಲೆ ಅಂಗಡಿ ಇರುವ ಸಂಕೀರ್ಣಗಳಲ್ಲಿ 2.4ಕ್ಕೆ 20 ಮೆಗಾಹರ್ಟ್ಸ್ ಅಗಲವೇ ಸರಿ.

ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಋಣ ಅಂಕಿಯಲ್ಲಿ ಅಳೆಯುತ್ತಾರೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಮೈನಸ್ 50 ಎಂದರೆ ಬಹಳ ಚೆನ್ನ. ಮೈನಸ್ 67ರವರೆಗೆ ವಿಡಿಯೊ ಕರೆಯೂ ತಡವರಿಸದೆ ನಡೆಯುತ್ತದೆ. ಮೈನಸ್ 75 ದಾಟಿದರೆ ಕಡಿತ ನಿರೀಕ್ಷಿತ. ಪ್ರತಿ 10 ಅಂಕಿಗೆ ಬಲ ಹತ್ತನೇ ಒಂದಾಗುತ್ತದೆ ಎಂಬುದನ್ನು ನೆನಪಿಟ್ಟರೆ, ಮೈನಸ್ 60ಕ್ಕೂ ಮೈನಸ್ 80ಕ್ಕೂ ನಡುವೆ ನೂರು ಪಟ್ಟು ವ್ಯತ್ಯಾಸ ಇದೆಯೆಂದು ತಿಳಿಯುತ್ತದೆ. ಬಲದಷ್ಟೇ ಮುಖ್ಯವಾದದ್ದು ಗದ್ದಲಕ್ಕಿಂತ ಅದು ಎಷ್ಟು ಮೇಲಿದೆ ಎಂಬುದು. 25 ಡೆಸಿಬೆಲ್ ಅಂತರವಿದ್ದರೆ ನೆಮ್ಮದಿ. ಅಂತರ 10ಕ್ಕೆ ಇಳಿದರೆ ಗೆರೆಗಳು ತುಂಬಿ ಕಂಡರೂ ಸಂಪರ್ಕ ಗಟ್ಟಿಯಾಗಿ ಉಳಿಯದು.

ಬಲ ಕುಗ್ಗಿಸುವುದು ದೂರಕ್ಕಿಂತ ಹೆಚ್ಚಾಗಿ ಅಡ್ಡ ಬರುವ ವಸ್ತು. ಕರಾವಳಿಯ ಜಂಬಿಟ್ಟಿಗೆ ಗೋಡೆ, ಬಯಲುಸೀಮೆಯ ಹಳೆಯ ಕಲ್ಲುಕಟ್ಟಡದ ದಪ್ಪ ಗೋಡೆ, ಆರ್‌ಸಿಸಿ ತಾರಸಿಯೊಳಗಿನ ಕಬ್ಬಿಣ, ಉಕ್ಕಿನ ಬೀರು, ಇಳಿಸಿದ ಶಟರ್, ಇವೆಲ್ಲ ಅಲೆಯನ್ನು ನುಂಗುತ್ತವೆ ಇಲ್ಲವೆ ತಿರುಗಿಸುತ್ತವೆ. ಪ್ರಕಾಶನ ಕಚೇರಿಯಲ್ಲಿ ಇನ್ನೊಂದು ಅಡ್ಡಿಯಿದೆ, ಅದು ಪೇರಿಸಿಟ್ಟ ಕಾಗದ. ಕಾಗದ ತೇವ ಹಿಡಿದಿಟ್ಟುಕೊಳ್ಳುತ್ತದೆ, ತೇವ ರೇಡಿಯೊ ಅಲೆಯನ್ನು ಹೀರುತ್ತದೆ. ರೂಟರಿಗೂ ಮೇಜಿಗೂ ನಡುವೆ ಪುಸ್ತಕದ ಬಂಡಲುಗಳು ಬಂದು ಕೂತಾಗ, ಅವು ಮಾರಾಟವಾಗಿ ಹೋದಾಗ, ಸಿಗ್ನಲ್ ಏರಿಳಿಯುವುದುಂಟು. ಫೈಬರ್ ಹಾಕಲು ಬಂದವರು ತಂತಿ ಒಳಬಂದ ಮೂಲೆಯಲ್ಲೇ ರೂಟರನ್ನು ಮೊಳೆ ಹೊಡೆದು ನೇತುಹಾಕಿ ಹೋಗಿರುತ್ತಾರೆ. ಕಚೇರಿಯ ನಡುಭಾಗಕ್ಕೆ, ತಲೆಯೆತ್ತರಕ್ಕೆ, ಬೀರುವಿನಿಂದ ದೂರಕ್ಕೆ ಅದನ್ನು ಸರಿಸುವುದು ಹೆಚ್ಚು ಖರ್ಚಿಲ್ಲದ ಪರಿಹಾರ. ಹೊಸ ರೂಟರ್ ಕೊಳ್ಳುವ ಮುನ್ನ ಮಾಡಲೇಬೇಕಾದದ್ದು.

ಕೆಲವು ಗದ್ದಲಗಳಿಗೆ ಹೊತ್ತು ಗೊತ್ತು ಇರುತ್ತದೆ. ಮಧ್ಯಾಹ್ನ ಒಂದರ ಸುಮಾರಿಗೆ ಎರಡೆರಡು ನಿಮಿಷ ಕಡಿಯುತ್ತಿದ್ದರೆ ಊಟ ಬಿಸಿ ಮಾಡುವ ಮೈಕ್ರೊವೇವ್ ಒಲೆಯನ್ನು ಸಂಶಯಿಸಬೇಕು. ಅದು ಕೆಲಸ ಮಾಡುವುದೂ 2.45 ಗಿಗಾಹರ್ಟ್ಸಿನಲ್ಲೇ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಕೂಡ ಅದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. 2012ರಲ್ಲಿ ಇಂಟೆಲ್ ಸಂಸ್ಥೆಯೇ ಇದನ್ನು ವಿವರಿಸುವ ಪ್ರಬಂಧ ಹೊರತಂದಿತ್ತು. ವಿನ್ಯಾಸಕಾರರು ದೊಡ್ಡ ಚಿತ್ರಗಳಿರುವ ಡಿಸ್ಕನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ಚುಚ್ಚಿದೊಡನೆ ವೈಫೈ ಸೊರಗಿ, ತೆಗೆದೊಡನೆ ಚೇತರಿಸಿಕೊಂಡರೆ ತಂತ್ರಾಂಶವನ್ನು ಹುಡುಕುವ ಅಗತ್ಯವಿಲ್ಲ. ಉದ್ದದ ಒಳ್ಳೆಯ ಕೇಬಲ್ ಹಾಕಿ ಡಿಸ್ಕನ್ನು ದೂರವಿಡುವುದು, ಇಲ್ಲವೇ ಆ ಯಂತ್ರವನ್ನು 5 ಗಿಗಾಹರ್ಟ್ಸಿಗೆ ಬದಲಿಸುವುದು ಸಾಕು.

5 ಗಿಗಾಹರ್ಟ್ಸ್ ಹೆಚ್ಚು ನಿರಾಳ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಅದರಲ್ಲೂ ಕಡಿತಕ್ಕೆ ಒಂದು ಗುಪ್ತ ಕಾರಣವಿದೆ. 52ರಿಂದ 144ರವರೆಗಿನ ಚಾನೆಲ್‌ಗಳ ಜಾಗವನ್ನು ರೇಡಾರ್‌ಗಳೂ ಬಳಸುವುದರಿಂದ, ಆ ಚಾನೆಲ್ ಹಿಡಿಯುವ ಮೊದಲು ರೂಟರ್ ಸಾಮಾನ್ಯವಾಗಿ 60 ಸೆಕೆಂಡು ಕಿವಿಗೊಟ್ಟು ಕೇಳುತ್ತದೆ. ಬಳಸುತ್ತಿರುವಾಗ ರೇಡಾರ್‌ನಂಥ ಸಂಕೇತ ಕೇಳಿಸಿದರೆ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು. ರೇಡಾರ್ ಇಲ್ಲದೆಯೂ ಕೆಲವು ರೂಟರುಗಳು ಇದೆಯೆಂದು ಭ್ರಮಿಸುತ್ತವೆ. ಆಗ 5ರ ಪಟ್ಟಿಯಲ್ಲಿದ್ದ ಎಲ್ಲ ಯಂತ್ರಗಳೂ ಒಟ್ಟಿಗೆ ಕಳಚಿಕೊಂಡು, 2.4ರಲ್ಲಿದ್ದ ಪ್ರಿಂಟರ್ ಮಾತ್ರ ನಿಂತಿರುತ್ತದೆ. ಚಾನೆಲ್ಲನ್ನು ‘ಆಟೊ’ದಿಂದ ತೆಗೆದು 36ರಿಂದ 48ರೊಳಗೆ ಅಥವಾ 149ರಿಂದ ಮೇಲೆ ನಿಲ್ಲಿಸಿದರೆ ಈ ತೊಂದರೆ ಇಲ್ಲ.

ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟಾಗ ಯಾವುದನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ಕಂಪ್ಯೂಟರೇ. ಈ ತೀರ್ಮಾನದ ರೀತಿ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಥರ. ಮ್ಯಾಕ್ ಮೈನಸ್ 75ರವರೆಗೂ ಹಿಡಿದದ್ದನ್ನು ಬಿಡದು. ವಿಂಡೋಸಿನಲ್ಲಿ ಅದು ವೈಫೈ ಕಾರ್ಡಿನ ತಯಾರಕರು ಕೊಟ್ಟ ಡ್ರೈವರಿನ ಇಷ್ಟ. ಪರೀಕ್ಷೆಯ ಅವಧಿಗೆ ಎರಡು ಪಟ್ಟಿಗೂ ಬೇರೆ ಬೇರೆ ಹೆಸರಿಟ್ಟು, ಕಡಿಯುತ್ತಿರುವ ಯಂತ್ರವನ್ನು ಒಂದಕ್ಕೇ ಕಟ್ಟಿಹಾಕಿ ನೋಡಬೇಕು. ಆಗ ಕಡಿತ ನಿಂತರೆ ಅತ್ತಿತ್ತ ಹಾರುವುದೇ ಕಾರಣ.

ವಿದ್ಯುತ್ ಉಳಿತಾಯದ ಏರ್ಪಾಡುಗಳು ಒಂದೇ ಯಂತ್ರವನ್ನು ಕಾಡುವ ಕಡಿತಗಳಿಗೆ ಇನ್ನೊಂದು ಮೂಲ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟ ಮೇಲೆ ಕಡಿಯುವುದು ಇದರ ಗುರುತು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಉಳಿತಾಯಕ್ಕಾಗಿ ಸಾಧನವನ್ನು ಆಫ್ ಮಾಡಲು ಅನುಮತಿಸುವ ಗುರುತನ್ನು ತೆಗೆಯಬೇಕು. ಎಲ್ಲ ಯಂತ್ರಗಳಲ್ಲಿ ಆ ಪುಟ ಕಾಣುವುದಿಲ್ಲ. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಪವರ್‌ಸೇವ್ ಬೆಲೆ 3 ಇದ್ದರೆ ಉಳಿತಾಯ ಚಾಲೂ, 2 ಮಾಡಿದರೆ ಬಂದ್. ಪ್ರಿಂಟರಿಗೆ ನಿದ್ದೆಯ ಸೆಟ್ಟಿಂಗ್ ಅದರ ಮೆನುವಿನಲ್ಲೇ ಇರುತ್ತದೆ.

ಐಪಿ ವಿಳಾಸದ ದೋಷಗಳಿಗೆ ಬಂದರೆ, ಬೇರೆ ಬೇರೆ ಯಂತ್ರಗಳಿರುವ ಕಚೇರಿ ಜನರನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ರೂಟರಿನೊಳಗಿನ ಡಿಎಚ್‌ಸಿಪಿ ಸೇವೆ ಪ್ರತಿ ಯಂತ್ರಕ್ಕೂ ಒಂದು ವಿಳಾಸವನ್ನು ಅವಧಿಯ ಮೇಲೆ ಕೊಡುತ್ತದೆ. ಅದು ಉತ್ತರಿಸದಿದ್ದರೆ ವಿಂಡೋಸ್ ತಾನೇ 169.254ರಿಂದ ಶುರುವಾಗುವ ವಿಳಾಸ ಹಾಕಿಕೊಂಡು, ವೈಫೈ ಕೂಡಿದೆ ಆದರೆ ಇಂಟರ್ನೆಟ್ ಇಲ್ಲ ಎನ್ನುತ್ತದೆ. ಮ್ಯಾಕ್ ಕೂಡ ಅಂಥದೇ ವಿಳಾಸ ಹಾಕಿಕೊಂಡು ಚಿಹ್ನೆಯ ಮೇಲೆ ಆಶ್ಚರ್ಯಸೂಚಕ ತೋರಿಸುತ್ತದೆ. ಉಬುಂಟು ಹಾಗೆ ಮಾಡದೆ, ಸ್ವಲ್ಪ ಹೊತ್ತು ಕಾದು ಸಂಪರ್ಕವನ್ನೇ ಕಡಿದು ಮತ್ತೆ ಯತ್ನಿಸುತ್ತದೆ. ಒಂದೇ ದೋಷ ಮೂರು ಮೇಜುಗಳಲ್ಲಿ ಮೂರು ಕಾಯಿಲೆಯಂತೆ ಕಾಣುತ್ತದೆ. ಮೂವರೂ ಬೇರೆ ಬೇರೆ ಪರಿಹಾರ ಹುಡುಕಲು ಹೊರಡುತ್ತಾರೆ.

ವಿಳಾಸ ಸಿಗದಿರಲು ಸಾಮಾನ್ಯ ಕಾರಣ ಅವು ಮುಗಿದುಹೋಗಿರುವುದು. ರೂಟರಿಗೆ 50 ವಿಳಾಸಗಳಷ್ಟೇ ಹಂಚಲು ಗುರುತಿಸಿ, ಅವಧಿ 24 ಗಂಟೆ ಇಟ್ಟಿದ್ದರೆ, ಬೆಳಿಗ್ಗೆ ಬಂದು ಹೋದ ಲೇಖಕರ, ಏಜೆಂಟರ ಮೊಬೈಲುಗಳು ಸಂಜೆಯವರೆಗೂ ವಿಳಾಸ ಹಿಡಿದಿರುತ್ತವೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಮೊಬೈಲುಗಳು ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ (ಸಾಧನದ ಯಂತ್ರಾಂಶ ಗುರುತು; ಮ್ಯಾಕ್ ಕಂಪ್ಯೂಟರಿಗೆ ಸಂಬಂಧವಿಲ್ಲ) ತೋರಿಸದೆ ಪ್ರತಿ ನೆಟ್‌ವರ್ಕಿಗೊಂದು ಸೃಷ್ಟಿಸಿದ ಗುರುತು ಕೊಡುತ್ತವೆ. ಖಾಸಗಿತನಕ್ಕೆ ಇದು ಅಗತ್ಯ. ಆದರೆ ಮ್ಯಾಕ್ ಅಡ್ರೆಸ್ ನೋಡಿ ಒಳಬಿಡುವ ಪಟ್ಟಿ ಮಾಡಿಕೊಂಡ ಕಚೇರಿಯಲ್ಲಿ ಅಂಥ ಫೋನ್ ಹೊರಗೇ ಉಳಿಯುತ್ತದೆ. ಹಂಚುವ ವಿಳಾಸಗಳನ್ನು 200ಕ್ಕೆ ಏರಿಸಿ, ಅತಿಥಿಗಳಿಗೆ ಬೇರೆ ನೆಟ್‌ವರ್ಕ್ ಇಟ್ಟು, ಅಲ್ಲಿ ಅವಧಿಯನ್ನು ಒಂದೆರಡು ಗಂಟೆಗೆ ಇಳಿಸಬೇಕು.

ಇದಕ್ಕಿಂತ ಕಾಡುವುದು ಎರಡು ಡಿಎಚ್‌ಸಿಪಿಗಳ ಜಗಳ. ಫೈಬರ್ ಮೋಡೆಮ್ಮಿನಲ್ಲೇ ಒಂದು ರೂಟರ್ ಇರುತ್ತದೆ. ಒಳಕೋಣೆಗೆ ಸಿಗ್ನಲ್ ಸಾಲದೆಂದು ಹಳೆಯ ರೂಟರೊಂದನ್ನು ತಂದು ಅದರ ಲ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚಿರುತ್ತಾರೆ, ಅದರ ಡಿಎಚ್‌ಸಿಪಿ ಬಂದ್ ಮಾಡಿರುವುದಿಲ್ಲ. ಇಬ್ಬರಲ್ಲಿ ಯಾರು ಮೊದಲು ಉತ್ತರಿಸಿದರೋ ಅವರ ವಿಳಾಸ ಯಂತ್ರಕ್ಕೆ. ತಪ್ಪು ರೂಟರಿನಿಂದ ಪಡೆದವರಿಗೆ ಇಂಟರ್ನೆಟ್ ಇರುವುದಿಲ್ಲ; ಅವಧಿ ಮುಗಿದು ಮತ್ತೆ ಕೇಳಿದಾಗ ಸರಿಯಾಗಲೂಬಹುದು. ಇಂಥ ಕಡಿತ ಯಾವ ಲೆಕ್ಕಕ್ಕೂ ಸಿಗದಂತೆ ಕಾಣುತ್ತದೆ. ಕಡಿದ ಯಂತ್ರದಲ್ಲಿ ಗೇಟ್‌ವೇ, ಅಂದರೆ ರೂಟರಿನ, ವಿಳಾಸ ನೋಡಿ, ಸರಿಯಿರುವ ಯಂತ್ರದ್ದಕ್ಕೆ ಹೋಲಿಸಿದರೆ ಒಂದೇ ನಿಮಿಷದಲ್ಲಿ ಗುಟ್ಟು ಹೊರಬೀಳುತ್ತದೆ. ಪ್ರಿಂಟರಿಗೆ ಕೈಯಾರೆ ಹಾಕಿದ ವಿಳಾಸ ರೂಟರ್ ಹಂಚುವ ಸಾಲಿನೊಳಗೇ ಇದ್ದರೂ ಗೊಂದಲವೇ. ಅದೇ ವಿಳಾಸ ಇನ್ನೊಬ್ಬರಿಗೆ ಹೋದ ದಿನ ಇಬ್ಬರೂ ಕಡಿಯುತ್ತಾರೆ.

ಭದ್ರತೆಯ ಆಯ್ಕೆಯಿಂದಲೂ ಕಡಿತ ಹುಟ್ಟುತ್ತದೆ. 2018ರಲ್ಲಿ ಬಂದ ಡಬ್ಲ್ಯೂಪಿಎ3 ಮತ್ತು 2004ರ ಡಬ್ಲ್ಯೂಪಿಎ2 ಎರಡನ್ನೂ ಸೇರಿಸಿದ ಮಿಶ್ರ ಕ್ರಮ ಹೊಸ ಮ್ಯಾಕಿಗೆ ಒಗ್ಗುತ್ತದೆ, ಕೆಲವು ಹಳೆಯ ಪ್ರಿಂಟರ್ ಮತ್ತು ಲ್ಯಾಪ್‌ಟಾಪುಗಳಿಗೆ ಒಗ್ಗುವುದಿಲ್ಲ. ಅಲ್ಲಿ ಎಇಎಸ್ ಸಹಿತ ಡಬ್ಲ್ಯೂಪಿಎ2 ಒಂದನ್ನೇ ಇಟ್ಟು ನೋಡಬೇಕು. ಟಿಕೆಐಪಿ ಎಂಬ ಹಳೆಯ ಕ್ರಮ ಎಲ್ಲಿದ್ದರೂ ತೆಗೆಯುವುದೇ ಸರಿ. ಸರಿಯಾಗಿ ಗಂಟೆಗೊಮ್ಮೆ ಕಡಿಯುತ್ತಿದ್ದರೆ, ರೂಟರ್ ಎಲ್ಲರಿಗೂ ಹೊಸ ಗುಂಪು ಕೀಲಿ ಹಂಚುವ 3600 ಸೆಕೆಂಡಿನ ಅಂತರ ಸಂಶಯಾರ್ಹ. ಆ ಹಂಚಿಕೆಗೆ ಸ್ಪಂದಿಸಲಾಗದ ಹಳೆಯ ಡ್ರೈವರನ್ನು ನವೀಕರಿಸಬೇಕು.

ಎಲ್ಲ ಯಂತ್ರಗಳೂ ಒಟ್ಟಿಗೆ ಕಡಿದು, ರೂಟರಿನ ದೀಪಗಳೂ ಹೊಸದಾಗಿ ಹೊತ್ತಿಕೊಳ್ಳುತ್ತಿದ್ದರೆ ಅದು ತಾನಾಗಿ ಮರುಚಾಲನೆಗೊಂಡಿದೆ. ಸೊರಗಿದ 12 ವೋಲ್ಟ್ ಅಡಾಪ್ಟರ್, ಬೇಸಿಗೆಯ ಬಿಸಿ, ಯುಪಿಎಸ್‌ಗೆ ಸೇರಿಸದ ರೂಟರ್ ಮೊದಲು ನೋಡಬೇಕಾದವು. ಕರೆಂಟು ಕ್ಷಣಮಾತ್ರ ಹೋಗಿ ಬಂದರೂ ಕಂಪ್ಯೂಟರುಗಳು ಯುಪಿಎಸ್ ಮೇಲೆ ನಿಂತಿರುತ್ತವೆ, ರೂಟರ್ ಎದ್ದು ಬರಲು ಕೆಲವು ನಿಮಿಷ ಹಿಡಿಯುತ್ತದೆ. ಫೈಬರ್ ಮೋಡೆಮ್ಮಿನ ಎಲ್‌ಒಎಸ್ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ. ಅದನ್ನು ಸೇವೆ ಕೊಡುವವರೇ ಸರಿಪಡಿಸಬೇಕು. ಅವರಿಗೆ ‘ನೆಟ್ ಆಗಾಗ ಹೋಗುತ್ತದೆ’ ಎನ್ನುವುದಕ್ಕಿಂತ, ಕೇಬಲ್ ಹಾಕಿದ ಕಂಪ್ಯೂಟರಿನಿಂದ ರೂಟರ್ ಸಿಗುತ್ತಿದ್ದು ಹೊರವಿಳಾಸ ಸಿಗದ ಹೊತ್ತುಗಳನ್ನು ನೋಟ್‌ಬುಕ್ಕಿನಿಂದ ಓದಿ ಹೇಳಿದರೆ ಕೆಲಸ ಬೇಗ ಆಗುತ್ತದೆ.

ಜಾಗ ಬದಲಿಸದ ಮೇಜಿನ ಕಂಪ್ಯೂಟರಿಗೆ, ಪ್ರಿಂಟರಿಗೆ ವೈಫೈ ಬೇಕಾಗಿಯೇ ಇಲ್ಲ. ಕ್ಯಾಟ್ 5ಇ ಕೇಬಲ್ 100 ಮೀಟರ್ ದೂರದವರೆಗೆ ಗಿಗಾಬಿಟ್ ವೇಗ ಸಾಗಿಸುತ್ತದೆ, ಗೋಡೆ, ಒಲೆ, ಪಕ್ಕದ ಅಂಗಡಿಯ ರೂಟರ್ ಯಾವುದೂ ಅದನ್ನು ಕಾಡದು. ಅವು ಗಾಳಿ ಬಿಟ್ಟು ತಂತಿಗೆ ಹೋದಷ್ಟೂ ಉಳಿದ ಲ್ಯಾಪ್‌ಟಾಪು, ಮೊಬೈಲುಗಳಿಗೆ ರೇಡಿಯೊ ಜಾಗ ಹೆಚ್ಚುತ್ತದೆ. ದೂರದ ಕೋಣೆಗೂ ಸಿಗ್ನಲ್ ಹಿಗ್ಗಿಸುವ ರಿಪೀಟರಿಗಿಂತ ಕೇಬಲ್ ಎಳೆದು ಕೂರಿಸಿದ ಆಕ್ಸೆಸ್ ಪಾಯಿಂಟ್ ಮೇಲು. ಒಂದೇ ರೇಡಿಯೊದ ರಿಪೀಟರ್ ಪ್ರತಿ ಮಾಹಿತಿಯನ್ನೂ ಗಾಳಿಯಲ್ಲಿ ಎರಡು ಸಲ ಕಳಿಸಬೇಕಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಬದಲಿಸಿದ ದಿನಾಂಕ ಬರೆದಿಡಬೇಕು. ದಿನಕ್ಕೆರಡು ಸಲ ಕಡಿಯುತ್ತಿದ್ದ ಸಂಪರ್ಕವನ್ನು ಅರ್ಧ ದಿನ ನೋಡಿ ಸರಿಯಾಯಿತೆನ್ನಲಾಗದು. ವಾರಕ್ಕೊಮ್ಮೆ ಕಡಿಯುತ್ತಿದ್ದರೆ ಕನಿಷ್ಠ ಮೂರು ವಾರ ಪಿಂಗ್ ಓಡುತ್ತಿರಬೇಕು. ಅಷ್ಟರಲ್ಲಿ ಮತ್ತೆ ಕಡಿದರೆ ಆ ಬದಲಾವಣೆಯನ್ನು ಮೊದಲಿದ್ದಂತೆ ಮಾಡಿಟ್ಟು ಮುಂದಿನದಕ್ಕೆ ಹೋಗಬೇಕು.